ಅಂಟುವಾಳದಲ್ಲಿ ತೊಳೆದ ಹಳದಿ

ನಮ್ಮ ಆನ್‌ಲೈನ್ ಅಂಗಡಿಯಲ್ಲಿ ಆಗ ಇದ್ದದ್ದು ಒಂದೇ ಒಂದು ಸಾಮಾನು: ಎಳೆಮಗುವಿಗೆ ಹೊದಿಸುವ ಕೌದಿ. ಉರ್ದು ಮಾತಾಡುವ ನಮ್ಮ ಮನೆಯಲ್ಲಿ ಅದಕ್ಕೆ ಗೋದಡಿ ಅನ್ನುತ್ತೇವೆ. ಚಾಮರಾಜನಗರದಲ್ಲಿ ನನ್ನ ಗಂಡನದು ಹಾಸಿಗೆ ದಿಂಬಿನ ಅಂಗಡಿ. ಅದರ ಹಿಂದಿನ ಕೋಣೆಯಲ್ಲಿ ಒಂದು ಕಂಪ್ಯೂಟರ್, ಎರಡು ಹೊಲಿಗೆ ಯಂತ್ರ. ಅಷ್ಟೇ ನನ್ನ ಸಾಮ್ರಾಜ್ಯ. ಊರಿಗೆ ಬ್ರಾಡ್‌ಬ್ಯಾಂಡ್ ಬಂದ ಹೊಸತು. ಮೈಸೂರಿನಲ್ಲಿ ಕಂಪ್ಯೂಟರ್ ಕಲಿಸುತ್ತಿದ್ದ ನನ್ನ ತಮ್ಮ ವೆಬ್‌ಸೈಟ್ ಮಾಡಿಕೊಟ್ಟಿದ್ದ. ಆನ್‌ಲೈನ್ ಅನ್ನುವುದು ಫೋಟೋ ನೋಡಿ ಆರ್ಡರ್ ಕೊಡುವವರೆಗೆ ಮಾತ್ರ. ಆಮೇಲಿನದೆಲ್ಲ ಅಂಚೆ ಕಚೇರಿಯ ವಿ.ಪಿ.ಪಿ., ಅಂದರೆ ಪಾರ್ಸೆಲ್ ಬಿಡಿಸಿಕೊಳ್ಳುವಾಗ ಗಿರಾಕಿ ಪೋಸ್ಟ್‌ಮ್ಯಾನ್ ಕೈಗೆ ದುಡ್ಡು ಕೊಡಬೇಕು. ಅಂಗಡಿ ಕಂಪ್ಯೂಟರಿನಲ್ಲಿದೆ ಅಂದರೆ ನಮ್ಮ ಪೋಸ್ಟ್‌ಮಾಸ್ಟರು ಕೊನೆಯವರೆಗೂ ನಂಬಲಿಲ್ಲ.

ಬಟ್ಟೆ ಕತ್ತರಿಸಿ ಯಂತ್ರದಲ್ಲಿ ಹೊಲಿಯುತ್ತಿದ್ದವರು ದೂರದ ಸಂಬಂಧದ ನಮ್ಮ ಚಿಕ್ಕಮ್ಮ. ಅವರನ್ನು ಎಲ್ಲರೂ ಖಾಲಾ ಎಂದೇ ಕರೆಯುತ್ತಿದ್ದೆವು. ಹೊಲಿದ ಕೌದಿಯ ಮೇಲೆ ಸಾಲುಸಾಲಾಗಿ ಕೈ ಹೊಲಿಗೆ ಹಾಕುತ್ತಿದ್ದವರು ಹಂಗಳದ ಹೆಂಗಸರು. ಗುಂಡ್ಲುಪೇಟೆಯಿಂದ ಬಂಡೀಪುರದ ಕಡೆಗೆ ಹೋಗುವ ದಾರಿಯಲ್ಲಿ ಆ ಊರು. ವಾರಕ್ಕೊಮ್ಮೆ ನಾನು ಬಸ್ಸಿನಲ್ಲಿ ಗಂಟು ಹೊತ್ತು ಹೋಗಿ ಕೊಟ್ಟು, ಮುಗಿದದ್ದನ್ನು ತರುತ್ತಿದ್ದೆ. ಆ ಹೆಂಗಸರಿಗೆಲ್ಲ ಮುಂದಾಳು ಒಬ್ಬಳಿದ್ದಳು. ನಾನು ಅವಳನ್ನು ಅಕ್ಕ ಅನ್ನುತ್ತಿದ್ದೆ, ಅವಳು ನನ್ನನ್ನು ಅವ್ವ ಅನ್ನುತ್ತಿದ್ದಳು. ಯಾರು ದೊಡ್ಡವರು ಅನ್ನುವುದನ್ನು ಇಬ್ಬರೂ ಇತ್ಯರ್ಥ ಮಾಡಿಕೊಳ್ಳಲಿಲ್ಲ.

ಕೌದಿಗೆ ಚಳಿಗಾಲ ಬೇಕು. ಶಿವರಾತ್ರಿ ಕಳೆದದ್ದೇ ತಡ, ಇಮೇಲ್ ಪೆಟ್ಟಿಗೆ ಖಾಲಿ ಹೊಡೆಯುತ್ತಿತ್ತು. ಹೋದ ವರ್ಷ ಹೀಗೇ ಆದಾಗ ಹಂಗಳದ ಅಕ್ಕ ಮಳೆ ಹಿಡಿದ ಕೂಡಲೇ ವಯನಾಡಿನ ಶುಂಠಿ ತೋಟಗಳಿಗೆ ಕಳೆ ತೆಗೆಯಲು ಹೋಗಿದ್ದಳು. ಆಳುಗಳನ್ನು ಕರೆದೊಯ್ಯಲು ಊರಿಗೇ ಜೀಪು ಬರುತ್ತದೆ. ಹೋದವರು ತಿಂಗಳುಗಟ್ಟಲೆ ಅಲ್ಲಿನ ಶೆಡ್ಡುಗಳಲ್ಲೇ ಇರಬೇಕು. ಮನೆಯಲ್ಲಿ ನೋಡಿಕೊಳ್ಳುವವರಿಲ್ಲವೆಂದು ಅವಳು ಮಗಳನ್ನೂ ಶಾಲೆ ಬಿಡಿಸಿ ಜೊತೆಗೆ ಕರೆದುಕೊಂಡು ಹೋದಳು. ಹುಡುಗಿ ವಾಪಸ್ ಬಂದಾಗ ಅರ್ಧ ವರ್ಷದ ಪಾಠ ಮುಗಿದಿತ್ತು. ಮೇಷ್ಟರು ಅದೇ ತರಗತಿಯಲ್ಲಿ ಮತ್ತೆ ಕೂರಿಸಿದರು.

ಈ ಸಲ ಕೊನೆಯ ಗಂಟು ತರಲು ಹೋದಾಗ ಅಕ್ಕ ನೇರವಾಗಿ ಹೇಳಿದಳು: "ನೋಡವ್ವ, ನಿಂಗೆ ಸುಳ್ಳ್ಯಾಕೇಳ್ಲಿ. ಕೆಲ್ಸ ಇದ್ರೆ ಇರ್ತೀನಿ. ಇಲ್ದೆ ಓದ್ರೆ ಜೀಪ್ ಅತ್ಬುಡ್ತೀನಿ. ಈ ಮಗೀನೂ ಅತ್ತಿಸ್ಕೊಂಡು ಓಗ್ಬೇಕಾಯ್ತದೆ."

ಮಗಳು ಬಾಗಿಲಲ್ಲಿ ನಿಂತು ಕೇಳಿಸಿಕೊಳ್ಳುತ್ತಿದ್ದಳು. "ಮಳೆಗಾಲಕ್ಕೆ ಮುಂಚೆ ಇನ್ನೊಂದು ಸಾಮಾನು ಮಾಡೇ ಮಾಡ್ತೀನಿ, ನೀನು ಎಲ್ಲಿಗೂ ಹೋಗಬೇಡ" ಎಂದುಬಿಟ್ಟೆ. ಯಾವ ಸಾಮಾನು ಅನ್ನುವುದು ಆಗ ನನಗೂ ಗೊತ್ತಿರಲಿಲ್ಲ. ಮೊದಲು ಮಾತು ಕೊಡುವುದು, ಆಮೇಲೆ ದಾರಿ ಹುಡುಕುವುದು ನನ್ನ ಹುಟ್ಟುಗುಣ.

ಮೊದಲು ಮೊಬೈಲ್ ಚೀಲ ಹೊಲಿದೆವು. ಖಾಲಾ ಅದಕ್ಕೆ ಕನ್ನಡಿ ಚೂರುಗಳನ್ನು ಇಟ್ಟು ಎಷ್ಟು ಚೆಂದ ಮಾಡಿದರೆಂದರೆ, ಫೋನು ಒಳಗೆ ಹಾಕಿದರೆ ಹೊರಗೆ ತೆಗೆಯಲು ಆಗುತ್ತಿರಲಿಲ್ಲ. ಟೀಪಾಯ್ ಹಾಸು ಮಾಡಿದೆವು. ಅಂಥದ್ದು ಎಲ್ಲ ಊರಲ್ಲೂ ಸಿಗುತ್ತದೆ, ನಮ್ಮದನ್ನು ಯಾರು ಕೇಳುತ್ತಾರೆ? ಆಗ ಒಂದು ಮಾತು ತಲೆಗೆ ಹೊಳೆಯಿತು. ನಮ್ಮ ಗಿರಾಕಿಗಳೆಲ್ಲ ಎಳೆಕೂಸಿನ ತಾಯಂದಿರು. ಅವರಿಗೆ ಬೇಸಿಗೆಯಲ್ಲಿ ಬೇಕಾದದ್ದು ಕೌದಿಯಲ್ಲ, ಮಗುವನ್ನು ಸುತ್ತುವ ತೆಳ್ಳನೆಯ ಬಟ್ಟೆ ಮತ್ತು ತಲೆಗೊಂದು ಕುಲಾವಿ. ಬಿಳಿ ಬಟ್ಟೆ ಎಲ್ಲರ ಹತ್ತಿರವೂ ಇರುತ್ತದೆ. ನಮ್ಮದಕ್ಕೆ ನಮ್ಮೂರಿನದೇ ಬಣ್ಣ ಇರಬೇಕು. ನಮ್ಮ ಸೀಮೆಯಲ್ಲಿ ಅರಿಸಿನಕ್ಕೆ ಏನು ಬರ? ಆ ತಿಂಗಳಲ್ಲಿ ಯಾವ ರಸ್ತೆಯಲ್ಲಿ ಹೋದರೂ ಕಣದಲ್ಲಿ ಅರಿಸಿನ ಬೇಯಿಸುವ ವಾಸನೆ.

ಕೆಲಸ ಶುರುವಾಯಿತು. ಹೊಸ ಬಟ್ಟೆಯ ಗಂಜಿ ಹೋಗುವ ಹಾಗೆ ಕುದಿಸಿ ಒಗೆದೆವು. ಅರಿಸಿನ ಕುಟ್ಟಿ, ಕುದಿಸಿ, ಸೋಸಿ, ಸ್ವಲ್ಪ ಪಟಿಕ ಸೇರಿಸಿ ಅದ್ದಿದೆವು. ಬಂದ ಹಳದಿ ಕಣ್ಣಿಗೆ ಹಬ್ಬ. ಅಂಗಡಿಯ ಮುಂದೆ ಒಂದನ್ನು ತೂಗುಹಾಕಿದೆ. ಒಂದು ವಾರದಲ್ಲಿ ಬಿಸಿಲು ತಾಗಿದ ಅರ್ಧ ಬಿಳಿಚಿಕೊಂಡಿತು, ಮಡಿಕೆಯೊಳಗಿನ ಅರ್ಧ ಹಾಗೇ ಇತ್ತು. ಸರಿ, "ನೆರಳಿನಲ್ಲಿ ಒಣಗಿಸಿ" ಎಂದು ಒಂದು ಚೀಟಿ ಅಚ್ಚು ಹಾಕಿಸಿ ಪ್ರತಿ ಪಾರ್ಸೆಲ್ಲಿನಲ್ಲೂ ಇಟ್ಟೆವು.

ಒಗೆದು ನೋಡದೆ ಮಾರುವಷ್ಟು ದಡ್ಡರು ನಾವಲ್ಲ. ಒಗೆದೆವು. ಆದರೆ ಹೇಗೆ ಒಗೆದೆವು ಅನ್ನುವುದರಲ್ಲಿ ಇದೆ ನಮ್ಮೂರಿನ ಬುದ್ಧಿ. ಇದು ರೇಷ್ಮೆಯ ಸೀಮೆ. ಇಲ್ಲಿ ಒಳ್ಳೆಯ ಬಟ್ಟೆ ಅಂದರೆ ಅಂಟುವಾಳದ ಕಾಯಿಯ ನೊರೆಯಲ್ಲಿ ಒಗೆಯಬೇಕು. ಸೋಪು ಮುಟ್ಟಿಸಿದರೆ ಹಿರಿಯರು ಬೈಯುತ್ತಾರೆ. ಕೈಯಾರೆ ಬಣ್ಣ ಹಾಕಿದ ಬಟ್ಟೆ ಒಳ್ಳೆಯ ಬಟ್ಟೆಯಲ್ಲದೆ ಇನ್ನೇನು? ಖಾಲಾ ಅಂಟುವಾಳ ನೆನೆಸಿ, ಕಿವುಚಿ, ಮುದ್ದಿನಿಂದ ಅದ್ದಿ ತೆಗೆದರು. ಬಣ್ಣ ಒಂದಿಷ್ಟೂ ಬದಲಾಗಲಿಲ್ಲ. "ನೋಡು ಬೇಟಿ, ಬೆಣ್ಣೆ ಹಾಗಿದೆ" ಎಂದರು. ಮತ್ತೆ ಒಗೆದರು, ಮತ್ತೂ ಹಾಗೇ ಇತ್ತು. ಎಲ್ಲರೂ ಒಪ್ಪಿದೆವು, ಫೋಟೋ ಹಾಕಿದೆವು.

ಆರ್ಡರ್ ಬಂತು ನೋಡಿ! ಅರಿಸಿನ, ಎಳೆಮಗು, ಕೈಕೆಲಸ, ಈ ಮೂರೂ ಒಂದೇ ಫೋಟೋದಲ್ಲಿದ್ದರೆ ಯಾವ ಅಜ್ಜಿ ಬೇಡ ಅಂತಾಳೆ? ಹಂಗಳದ ಹೆಂಗಸರಿಗೆ ಅಂಚು ಹೊಲಿಯುವ ಕೆಲಸ ಕೈತುಂಬ ಸಿಕ್ಕಿತು. ಒಂದು ಬೀರು ತುಂಬ ಹಳದಿ ಬಟ್ಟೆ ಸಿದ್ಧವಾಯಿತು. ನಾನು ಬೀಗಿದೆ, ಅದರಲ್ಲಿ ಮುಚ್ಚುಮರೆ ಏನೂ ಇಲ್ಲ.

ಬೇಸಿಗೆ ನೆತ್ತಿಗೇರಿದ್ದ ದಿನಗಳು. ಮಧ್ಯಾಹ್ನ ಅಂಗಡಿಯ ಫೋನ್ ಬಡಿದುಕೊಂಡಿತು. ಬೆಂಗಳೂರಿನಿಂದ ಒಬ್ಬ ತಾಯಿ.

"ಆ ಹಳದಿ ಬಟ್ಟೆ ಕಳಿಸಿದ್ದು ನೀವೇನಾ?"

"ಹೌದಮ್ಮ, ಚೆನ್ನಾಗಿದೆಯಾ?" ಎಂದೆ ಉಬ್ಬಿಕೊಂಡು.

ಆಮೇಲೆ ಅವರು ನಡೆದದ್ದನ್ನು ಹೇಳಿದರು. ಅವರ ಅತ್ತೆ ಮಗುವಿಗೆ ಸೋಪು ಹಚ್ಚಿ ನೀರು ಹಾಕಿ, ಕುತ್ತಿಗೆಯ ಸಂದಿಯಲ್ಲಿ ಸ್ವಲ್ಪ ನೊರೆ ಉಳಿದಿದ್ದ ಹಾಗೇ ನಮ್ಮ ಬಟ್ಟೆಯಲ್ಲಿ ಸುತ್ತಿ ಮಲಗಿಸಿದ್ದಾರೆ. ಸ್ವಲ್ಪ ಹೊತ್ತಿಗೆ ನೋಡಿದರೆ ಕುತ್ತಿಗೆಯ ಸುತ್ತ, ಬೆನ್ನ ಕೆಳಗೆ ಬಟ್ಟೆಯೆಲ್ಲ ಕೆಂಪು ಕಲೆ. ರಕ್ತವೆಂದು ಕಿರುಚಿಕೊಂಡು ಆಟೋ ಹತ್ತಿ ನರ್ಸಿಂಗ್ ಹೋಮಿಗೆ ಓಡಿದ್ದಾರೆ. ಡಾಕ್ಟರು ಮಗುವನ್ನು ಬಿಚ್ಚಿ, ತಿರುಗಿಸಿ, ಎಲ್ಲ ನೋಡಿದ್ದಾರೆ. ಮಗು ಅವರನ್ನು ನೋಡಿ ನಗುತ್ತಿತ್ತಂತೆ. ಡಾಕ್ಟರು ಬಟ್ಟೆ ಮೂಸಿ, "ಇದು ಅರಿಸಿನ ಕಣ್ರೀ" ಎಂದಿದ್ದಾರೆ.

"ಬಟ್ಟೆಯ ದುಡ್ಡು ನೀವು ವಾಪಸ್ ಕೊಡ್ತೀರಿ, ಗೊತ್ತು. ಆಟೋದಲ್ಲಿ ನಾನು ಅತ್ತ ಅಳು ಹೇಗೆ ವಾಪಸ್ ಕೊಡ್ತೀರಿ?" ಎಂದು ಕೇಳಿ ಅವರು ಫೋನಿಟ್ಟರು.

ನಾನು ಬಚ್ಚಲಿಗೆ ಹೋಗಿ ಬಟ್ಟೆ ಒಗೆಯುವ ನೀಲಿ ಸೋಪಿನ ಬಿಲ್ಲೆ ತಂದು, ಬೀರುವಿನಿಂದ ಒಂದು ಹಳದಿ ಬಟ್ಟೆ ಎಳೆದು, ನೀರು ಚಿಮುಕಿಸಿ ಉಜ್ಜಿದೆ. ಉಜ್ಜಿದಲ್ಲೆಲ್ಲ ಕೆಂಪು ಎದ್ದಿತು. ಖಾಲಾ ಯಂತ್ರ ನಿಲ್ಲಿಸಿ ನೋಡಿದರು. ಇದು ನಮಗೆ ಗೊತ್ತಿರದ ವಿಷಯವೇ? ಹಿಂದೂಗಳ ಮನೆಯಲ್ಲಿ ಮದುಮಕ್ಕಳಿಗೆ ಎತ್ತುವ ಕೆಂಪಾರತಿ ಅರಿಸಿನ ನೀರಿಗೆ ಸುಣ್ಣ ಹಾಕಿದ್ದು. ನಮ್ಮ ಮನೆಯ ಮದುವೆಗಳಲ್ಲೂ ಅರಿಸಿನ ಹಚ್ಚಿದ ಹುಡುಗಿ ಸೋಪು ಹಾಕಿ ಮಿಂದರೆ ಬಚ್ಚಲು ಕೆಂಪಾಗುತ್ತದೆ. ಸುಣ್ಣದ ಬದಲು ಸೋಪಿನ ಕ್ಷಾರ, ಅಷ್ಟೇ ವ್ಯತ್ಯಾಸ. ಕಣ್ಣೆದುರಿಗೆ ಸಾವಿರ ಸಲ ನೋಡಿದ್ದನ್ನು ಅಂಟುವಾಳದ ಹುಳಿನೊರೆ ನಮ್ಮಿಂದ ಮರೆಮಾಡಿತ್ತು.

ಖಾಲಾ ಚೇತರಿಸಿಕೊಂಡು ಉರ್ದುವಿನಲ್ಲಿ ಹೇಳಿದ ಮಾತನ್ನು ಕನ್ನಡದಲ್ಲಿ ಬರೆಯುತ್ತಿದ್ದೇನೆ: "ಅದಕ್ಕೇನಮ್ಮ, ಇನ್ನೊಂದು ಚೀಟಿ ಹಾಕಿದರಾಯಿತು. ಸೋಪು ಬೇಡ, ಅಂಟುವಾಳದಲ್ಲೇ ಒಗೆಯಿರಿ ಅಂತ."

ತಮ್ಮನೂ ಫೋನಿನಲ್ಲಿ ಅದನ್ನೇ ಹೇಳಿದ. ಬೀರು ತುಂಬ ಮಾಲಿದೆ, ಆರ್ಡರ್ ಬರುತ್ತಲೇ ಇದೆ, ವೆಬ್‌ಸೈಟಿನಲ್ಲಿ ಒಂದು ಸಾಲು ಸೇರಿಸಿದರೆ ಮುಗಿಯಿತು. ನಾನು ಒಂದು ಲೋಟ ಚಹಾ ಕುಡಿದು ಮುಗಿಸುವವರೆಗೆ ಆ ಚೀಟಿಯ ಬಗ್ಗೆಯೇ ಯೋಚಿಸಿದೆ. ಸೀರೆ ಆದರೆ ಚೀಟಿ ನಡೆಯುತ್ತದೆ. ಎಳೆಮಗುವಿನ ಬಟ್ಟೆ ದಿನಕ್ಕೆ ನಾಲ್ಕು ಸಲ ಹೇಸಿಗೆಯಾಗುತ್ತದೆ. ಕಣ್ಣಿಗೆ ನಿದ್ದೆಯಿಲ್ಲದ ಬಾಣಂತಿ ಅಂಟುವಾಳ ನೆನೆಸುತ್ತ ಕೂರುತ್ತಾಳಾ? ಸೋಪು ತಡೆಯದ ಬಟ್ಟೆ ಮಗುವಿನ ಬಟ್ಟೆಯೇ ಅಲ್ಲ.

"ಹಳದಿ ಪುಟ ತೆಗೆದುಬಿಡು. ಈಗಲೇ" ಎಂದೆ ತಮ್ಮನಿಗೆ.

"ಅಕ್ಕ, ಯೋಚನೆ ಮಾಡು."

"ಮಾಡಿದ್ದಾಯ್ತು."

ಬಟ್ಟೆ ಕೊಂಡವರಿಗೆಲ್ಲ ಒಬ್ಬೊಬ್ಬರಿಗೇ ನಾನೇ ಫೋನ್ ಮಾಡಿದೆ. ಸೋಪು ತಾಗಿದರೆ ಕೆಂಪಾಗುತ್ತದೆ, ಹೆದರಬೇಡಿ, ಬಟ್ಟೆ ವಾಪಸ್ ಕಳಿಸಿ ಎಂದೆ. ಕೆಲವರು ಬೈದರು, ಬೈಸಿಕೊಂಡೆ. ಕೆಲವರು ನಕ್ಕರು. ಒಬ್ಬ ಅಜ್ಜಿಯಂತೂ, "ಅರಿಸಿನ ಕೆಂಪಾಗದೆ ನೀಲಿ ಆಗುತ್ತಾ? ಅದನ್ನು ಹೇಳೋಕೆ ಫೋನ್ ಮಾಡಿದ್ಯಾ?" ಎಂದು ನನಗೇ ಬುದ್ಧಿ ಹೇಳಿದರು. ಬೆಂಗಳೂರಿನ ತಾಯಿ ಮಾತ್ರ ಫೋನ್ ಎತ್ತಲಿಲ್ಲ. ಕೆಲವು ದಿನ ಬಿಟ್ಟು ಅವರ ಪಾರ್ಸೆಲ್ ಬಂತು, ಒಳಗೆ ಆ ಕೆಂಪು ಕಲೆಯ ಬಟ್ಟೆ. ಜೊತೆಗೆ ಒಂದಕ್ಷರವೂ ಇರಲಿಲ್ಲ.

ಬೀರುವಿನಲ್ಲಿದ್ದದ್ದನ್ನೆಲ್ಲ ಗಂಟು ಕಟ್ಟಿ ಹಂಗಳದ ಬಸ್ಸು ಹತ್ತಿದೆ. ತೆರಕಣಾಂಬಿ ದಾಟುವವರೆಗೂ ಅಕ್ಕನಿಗೆ ಹೇಗೆ ಹೇಳುವುದೆಂದು ಯೋಚಿಸುತ್ತಿದ್ದೆ. ಹೇಳಿದ ಮೇಲೆ ಅವಳು ಗಂಟು ಬಿಚ್ಚಿ ಒಂದು ಬಟ್ಟೆ ಎತ್ತಿ ನೋಡಿದಳು.

"ಅಂಗಾದ್ರೆ ಕೆಲ್ಸ ನಿಂತೋಯ್ತಾ?"

"ನಿಂತಿಲ್ಲ. ಬಣ್ಣ ಬದಲಾಗ್ತದೆ."

"ಯಾವ್ ಬಣ್ಣ?"

ಗುಂಡ್ಲುಪೇಟೆ ಸುತ್ತ ಯಾರೂ ಆ ಪ್ರಶ್ನೆ ಕೇಳಬಾರದು. ಮಳೆಗಾಲದಲ್ಲಿ ಇಲ್ಲಿ ಕಣ್ಣು ಹಾಯಿಸಿದಷ್ಟೂ ಚೆಂಡುಹೂವು. ಬಣ್ಣದ ಫ್ಯಾಕ್ಟರಿಗೆಂದೇ ಲಾರಿಗಟ್ಟಲೆ ಹೋಗುತ್ತದೆ. ಕಾರ್ಖಾನೆಗೆ ಬಣ್ಣ ಕೊಡುವ ಹೂವು ನಮಗೆ ಕೊಡುವುದಿಲ್ಲವೇ? ಇಂಟರ್ನೆಟ್ಟಿನಲ್ಲಿ ಹುಡುಕಿದ್ದೆ. ಒಂದು ಪುಟ ತೆರೆಯುವಷ್ಟರಲ್ಲಿ ಒಂದು ಕುಲಾವಿ ಹೊಲಿಯಬಹುದಿತ್ತು; ಆದರೂ ಓದಿದ್ದೆ.

ಮೊದಲು ಹಳೆಯ ಹಳದಿಯನ್ನು ಕಳೆಯಬೇಕಿತ್ತು. ಅಂಗಡಿ ಮುಂದೆ ಬಿಳಿಚಿಕೊಂಡ ಬಟ್ಟೆ ನೆನಪಾಯಿತು. ಅವತ್ತು ಯಾವುದನ್ನು ಬೈದುಕೊಂಡಿದ್ದೆನೋ ಅದೇ ಈಗ ಬೇಕಿತ್ತು. ಹೆಂಗಸರೆಲ್ಲ ಬೋರ್‌ವೆಲ್ ತೊಟ್ಟಿಯ ಹತ್ತಿರ ಕೂತು ಸೋಪು ಹಾಕಿ ತಿಕ್ಕಿದರು. ಕಾಲುವೆಯಲ್ಲಿ ಕೆಂಪು ನೀರು ಹರಿಯಿತು.

"ಊರ್ಗೆಲ್ಲ ಆರತಿ ಎತ್ಬುಟ್ಟೊ ಕಣ್ರಮ್ಮಿ!" ಎಂದು ಅಕ್ಕ ಕೂಗಿದಳು. ಎಷ್ಟೋ ದಿನದ ಮೇಲೆ ನಾನು ಅವತ್ತು ಹೊಟ್ಟೆ ತುಂಬ ನಕ್ಕೆ.

ಒಗೆದದ್ದನ್ನು ಬಂಡೆಯ ಮೇಲೆ ಹರವಿ ಬಿಸಿಲಿಗೆ ಬಿಟ್ಟೆವು. ಮಧ್ಯೆ ಮಧ್ಯೆ ನೀರು ಚಿಮುಕಿಸಿ ಮಗ್ಗುಲು ಬದಲಿಸಿದೆವು. ಹಂಗಳದ ಬಿಸಿಲು ತನ್ನ ಕೆಲಸ ಮಾಡಿತು. ವಾರದಲ್ಲಿ ಎಲ್ಲ ಬಟ್ಟೆಯೂ ಹಾಲಿನ ಕೆನೆಯ ಬಣ್ಣಕ್ಕೆ ಬಂತು.

ಚೆಂಡುಹೂವಿನ ಮೊದಲ ಸುತ್ತು ದಂಡವಾಯಿತು. ಹೊಲದ ಹೂವು ಇನ್ನೂ ಬಿಟ್ಟಿರಲಿಲ್ಲ, ಪೇಟೆಯಲ್ಲಿ ಸಿಕ್ಕ ಬೋರ್‌ವೆಲ್ ತೋಟದ ಹೂವನ್ನೇ ತಂದು ಎಸಳು ಬಿಡಿಸಿ ಕುದಿಸಿ ಅದ್ದಿದೆವು. ಸೋಪು ತಾಗಿದ ಕೂಡಲೇ ಬಣ್ಣ ನೀರಿನ ಜೊತೆ ಹೊರಟುಹೋಯಿತು. ಪಟಿಕ ಹಾಕಿ ನೋಡಿದೆವು. ನಿಂತಿತು, ಆದರೆ ಸಪ್ಪೆ. ಹತ್ತಿ ಬಟ್ಟೆ ಬಣ್ಣ ಹಿಡಿಯಬೇಕಾದರೆ ಅದಕ್ಕೆ ಮೊದಲು ಒಗರು ಕುಡಿಸಬೇಕು ಎಂದು ಓದಿದ್ದು ಆಗ ಅರ್ಥವಾಯಿತು. ಸಂತೆಮರಹಳ್ಳಿ ಸಂತೆಯಲ್ಲಿ ನಾರುಬೇರು ಮಾರುವವರ ಹತ್ತಿರ ಅಳಲೆಕಾಯಿ ತಂದೆ. ಅದನ್ನು ಕುಟ್ಟಿ, ನೆನೆಸಿ, ಆ ನೀರಿನಲ್ಲಿ ಬಟ್ಟೆ ಅದ್ದಿ ಒಣಗಿಸುವುದು. ಆಮೇಲೆ ಪಟಿಕದ ನೀರು. ಮತ್ತೆ ಒಣಗಿಸುವುದು. ಕೊನೆಗೆ ಹೂವಿನ ನೀರು, ಕುದಿಯಲು ಬಿಡದೆ, ಕೈ ಇಟ್ಟರೆ ಚುರ್ ಅನ್ನುವಷ್ಟೇ ಬಿಸಿಯಲ್ಲಿ. ಖಾಲಾ ಚಾಮರಾಜನಗರದಿಂದ ಬಂದು ಒಲೆಯ ಮುಂದೆ ಕೂತರು. ಅಂಟುವಾಳದ ಅವಮಾನ ಅವರಿಗೆ ಇನ್ನೂ ಇಳಿದಿರಲಿಲ್ಲ.

ಈ ಸಲ ಪರೀಕ್ಷೆಗೆ ಮುದ್ದು ಮಾಡಲಿಲ್ಲ. ನೀಲಿ ಸೋಪು ಉಜ್ಜಿ, ಒಗೆಯುವ ಕಲ್ಲಿನ ಮೇಲೆ ಎತ್ತಿ ಬಡಿ ಎಂದು ಅಕ್ಕನಿಗೆ ಹೇಳಿದೆ. ಅವಳು ಯಾರ ಮೇಲಿನ ಸಿಟ್ಟನ್ನು ತೀರಿಸಿಕೊಂಡಳೋ ಗೊತ್ತಿಲ್ಲ. ಬಿಡಿಸಿ ನೋಡಿದರೆ ಬಣ್ಣ ಹಾಗೇ ಇತ್ತು. ಅರಿಸಿನದ ಹೊಳಪಿಲ್ಲ, ನಿಜ. ಹಣ್ಣಾದ ಹಲಸಿನ ತೊಳೆಯ ಹಳದಿ. ನನಗೆ ಅದೇ ಹೆಚ್ಚು ಹಿಡಿಸಿತು.

ಅಷ್ಟರಲ್ಲಿ ಇನ್ನೊಂದು ಎಡವಟ್ಟು. ಸ್ಟೀಲ್ ಪಾತ್ರೆ ಸಾಲದೆ ಒಬ್ಬಾಕೆ ಅರ್ಧ ಬಟ್ಟೆಯನ್ನು ಕಬ್ಬಿಣದ ಬಾಣಲೆಗೆ ಹಾಕಿಬಿಟ್ಟಿದ್ದಳು. ಅಳಲೆಕಾಯಿಗೂ ಕಬ್ಬಿಣಕ್ಕೂ ಆಗಿಬರುವುದಿಲ್ಲ, ಸೇರಿದರೆ ಕಪ್ಪಿಡುತ್ತದೆ. ತೆಗೆದರೆ ಆ ಕಪ್ಪು ಹೂವಿನ ಹಳದಿಗೆ ಬೆರೆತು ಬಟ್ಟೆಯೆಲ್ಲ ಕೆರೆಯ ಪಾಚಿಯ ಹಸಿರು. ಅವಳು ಅಳುವುದೊಂದು ಬಾಕಿ.

"ಆಳಾಗೋಯ್ತಲ್ಲವ್ವ!"

"ಇರು" ಎಂದೆ. ಆ ಹಸಿರನ್ನೂ ಸೋಪು ಹಾಕಿ ಬಡಿಸಿದೆ. ಬಡಿದಷ್ಟೂ ಗಟ್ಟಿ. ಹಳದಿಯ ಪಕ್ಕ ಹಸಿರನ್ನಿಟ್ಟು ನೋಡಿದೆ. ಖಾಲಾ ನನ್ನ ಮುಖ ನೋಡಿ, "ಇವಳಿಗೆ ಇನ್ನೊಂದು ಸಾಮಾನು ಸಿಕ್ಕಿತು" ಎಂದರು. ಸಿಕ್ಕಿತ್ತು. ಹಳದಿ ಬಟ್ಟೆಗೆ ಹಸಿರು ಅಂಚು, ಹಸಿರು ಕುಲಾವಿಗೆ ಹಳದಿ ದಾರ. ಆ ಬಾಣಲೆಯನ್ನು ಅವಳಿಗೆ ನಾವು ಮತ್ತೆ ಅಡುಗೆಗೆ ಬಿಟ್ಟುಕೊಡಲೇ ಇಲ್ಲ.

ಬೆಂಗಳೂರಿನ ತಾಯಿ ವಾಪಸ್ ಕಳಿಸಿದ್ದ ಬಟ್ಟೆಯನ್ನು ನಾನೇ ಒಗೆದು, ಬಿಸಿಲಿಗೆ ಹಾಕಿ, ನನ್ನ ಕೈಯಿಂದಲೇ ಅದ್ದಿದೆ. ಅಕ್ಕ ಹಸಿರು ಅಂಚು ಹೊಲಿದಳು. ವಿ.ಪಿ.ಪಿ. ಅಲ್ಲದ ಪಾರ್ಸೆಲ್ಲಿನಲ್ಲಿ ಕಳಿಸಿ, ಒಂದೇ ಸಾಲು ಬರೆದೆ: "ದಯವಿಟ್ಟು ಸೋಪು ಹಾಕಿ ಒಗೆದು ನೋಡಿ." ಖಾಲಾ ಬೇಡವೆಂದರು, ಗಾಯ ಕೆದಕಬೇಡ ಎಂದರು. ನಾನು ಕೇಳಲಿಲ್ಲ.

ಹೊಸ ಪುಟ ವೆಬ್‌ಸೈಟಿಗೆ ಏರಿತು. ಸುಸ್ತಾದ ಮನಸ್ಸಿಗೆ ಕಾಯುವುದೇ ದೊಡ್ಡ ಕೆಲಸ. ಮೊದಲು ಬೈದಿದ್ದವರು ಒಬ್ಬೊಬ್ಬರಾಗಿ ಹೊಸ ಬಟ್ಟೆ ಕೇಳತೊಡಗಿದರು. ತಾವಾಗಿ ಫೋನ್ ಮಾಡಿ ತಪ್ಪು ಹೇಳಿದವರ ಅಂಗಡಿ ಎಂದು ಅವರೇ ಬೇರೆಯವರಿಗೆ ಹೇಳಿದ್ದರು. ಆದರೆ ಮಳೆಗಾಲ ಪೂರ್ತಿ ಕೆಲಸ ಕೊಡುತ್ತೇನೆಂದು ಎದೆ ತಟ್ಟಿ ಹೇಳುವಷ್ಟು ಆರ್ಡರ್ ಇನ್ನೂ ಇರಲಿಲ್ಲ. ಅತ್ತ ಕಾಡಿನ ಕಡೆ ಮೋಡ ಕಟ್ಟುತ್ತಿತ್ತು.

ಒಂದು ಬೆಳಿಗ್ಗೆ ಫೋನ್.

"ನಮ್ಮ ಅತ್ತೆ ಮೂರು ಸಲ ಸೋಪು ಹಾಕಿ ಉಜ್ಜಿ ನೋಡಿದ್ರು" ಎಂದಿತು ಬೆಂಗಳೂರಿನ ಧ್ವನಿ. "ಈಗ ಅವರ ಭಜನೆ ಗುಂಪಿನಲ್ಲಿ ಎಲ್ಲರಿಗೂ ಮೊಮ್ಮಕ್ಕಳಂತೆ. ಎಷ್ಟು ಮಾಡಿಕೊಡ್ತೀರಿ?"

"ಎಷ್ಟು ಬೇಕಮ್ಮ?" ಎಂದೆ. ಅವರು ಹೇಳಿದರು. ಮಳೆಗಾಲ ಪೂರ್ತಿಗೆ ಸಾಲುವಷ್ಟು. ನಾನು ಖಾಲಾ ಕಡೆ ತಿರುಗಿ ಕೈ ಎತ್ತಿ ತೋರಿಸಿದೆ. ಅವರು ಕಣ್ಣೊರೆಸಿಕೊಂಡು ಯಂತ್ರಕ್ಕೆ ಎಣ್ಣೆ ಬಿಡಲು ಶುರುಮಾಡಿದರು.

ಮರುದಿನ ಬೆಳಗಿನ ಮೊದಲ ಬಸ್ಸಿಗೇ ಹಂಗಳಕ್ಕೆ ಹೋದೆ. ಹೊಲದ ಚೆಂಡುಹೂವು ಬಿಡಲು ಶುರುವಾಗಿತ್ತು. ಬಣ್ಣದ ಫ್ಯಾಕ್ಟರಿಯ ಏಜೆಂಟರು ಬೇಡವೆಂದು ಬಿಟ್ಟ ಬಾಡಿದ ಹೂವಿನ ರಾಶಿ ಅಕ್ಕನ ಮನೆ ಮುಂದೆ ಬಿದ್ದಿತ್ತು. ನಾನು ಹೇಳುವುದಕ್ಕೆ ಮುಂಚೆಯೇ ಒಲೆ ಉರಿಯುತ್ತಿತ್ತು. ಹನಿ ಮಳೆ. ಸುದ್ದಿ ಹೇಳಿದೆ. ಅವಳು ತಲೆಯಾಡಿಸಿ ಬಟ್ಟೆ ಅದ್ದುತ್ತಲೇ ಇದ್ದಳು. ಮೊಳಕೈವರೆಗೂ ಹಳದಿ.

ಆಗ ರಸ್ತೆಯಲ್ಲಿ ಹಾರ್ನ್ ಕೇಳಿತು. ವಯನಾಡಿನ ಜೀಪು. ಪಕ್ಕದ ಬೀದಿಯ ಇಬ್ಬರು ಗಂಟು ಹೊತ್ತು ಓಡಿದರು. ಎಲ್ಲರಿಗೂ ನಾನು ಕೆಲಸ ಕೊಡಲಾರೆ, ಅದು ನನಗೆ ಅವತ್ತೂ ಚುಚ್ಚಿತು. ಡ್ರೈವರ್ ಅಕ್ಕನ ಹೆಸರು ಹಿಡಿದು ಕೂಗಿದ. ಯೂನಿಫಾರಂ ಹಾಕಿಕೊಂಡು ಜಡೆ ಹೆಣೆದುಕೊಳ್ಳುತ್ತಿದ್ದ ಮಗಳು ಅರ್ಧಕ್ಕೇ ನಿಲ್ಲಿಸಿ ಒಳಗೆ ಹೋಗಿ, ಟ್ರಂಕಿನ ಮೇಲಿದ್ದ ಹಳೆಯ ಚಾದರ ತಂದು ಅಂಗಳದಲ್ಲಿ ನಿಂತಳು.

"ಅವ್ವ, ಗಂಟು ಕಟ್ಲಾ?"

ಅಕ್ಕ ಪಾತ್ರೆಯಿಂದ ತಲೆ ಎತ್ತಲಿಲ್ಲ.

"ಯಾವ ಗಂಟೂ ಬ್ಯಾಡ ಕಣಮ್ಮಿ. ನನ್ ಕೈ ಒದ್ದೆ ಆಗ್ಬುಟ್ಟದೆ, ಈ ಅವ್ವನ್ ಕೈಲಿ ಜಡೆ ಆಕುಸ್ಕೊಂಡು ಸ್ಕೂಲ್ಗೆ ಓಗು. ಬೆಲ್ ಒಡೀತದೆ."

ಜೀಪು ಇನ್ನೊಂದು ಸಲ ಹಾರ್ನ್ ಹೊಡೆದು ಹೊರಟಿತು. ಹುಡುಗಿ ಚಾದರವನ್ನು ಮಡಿಸಿ ಒಳಗಿಟ್ಟು ಬಂದು ನನ್ನ ಮುಂದೆ ಬೆನ್ನು ಮಾಡಿ ಕೂತಳು.